ಬನಹಟ್ಟಿಯ ದವಾಖಾನೆ ಕೌಂಟರಿನಿಂದ: ಜಡ್ಡು ತೋರಿಸುವಾಗ ನಿಮ್ಮ ಹಕ್ಕು, ನಿಮ್ಮ ಗುಟ್ಟು, ನಿಮ್ಮ ಪಾಲಿನ ಕೆಲಸ

ಬಾಗಲಕೋಟೆ ಜಿಲ್ಲೆಯ ನಮ್ಮ ಬನಹಟ್ಟಿಯಲ್ಲಿ ಮೆತ್ತಗೆ ಮಾತಾಡುವವರು ಕಡಿಮೆ. ಹಗಲೆಲ್ಲ ಪವರ್‌ಲೂಮ್ ಸದ್ದಿನೊಳಗೆ ನಿಂತವರು ಬಾಜೂಕಿನವರಿಗೆ ಏನಾದರೂ ಹೇಳಬೇಕೆಂದರೆ ಕೂಗಲೇಬೇಕು. ಮಗ್ಗ ನಿಂತ ಮೇಲೂ ಆ ರೂಢಿ ಬಿಡುವುದಿಲ್ಲ. ಅದೇ ದನಿಯಲ್ಲಿ ನಮ್ಮ ದವಾಖಾನೆಗೂ ಬರುತ್ತಾರೆ. ನಾನು ಇಲ್ಲಿ ಚೀಟಿ ಬರೆಯುವವಳು. "ಅಕ್ಕಾರ, ಮೂಲವ್ಯಾಧಿ ಮತ್ತ ಶುರು ಆಗೇತ್ರಿ" ಅಂತ ಬಾಗಿಲಲ್ಲೇ ನಿಂತು ಹೇಳಿದರೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುತ್ತದೆ, ಅವರಲ್ಲಿ ಒಬ್ಬರಾದರೂ ನಿಮ್ಮ ಓಣಿಯವರೇ ಇರುತ್ತಾರೆ. ರೋಗಿಯ ಗುಟ್ಟನ್ನು ಡಾಕ್ಟರು ಹೊರಗೆ ಹಾಕಬಾರದು ಎಂದು 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳಲ್ಲೇ ಇದೆ. ಆದರೆ ಸಣ್ಣ ಊರಲ್ಲಿ ಗುಟ್ಟು ಬಯಲಾಗುವುದು ಡಾಕ್ಟರ ಕೋಣೆಗೆ ಹೋಗುವ ಮೊದಲೇ, ನನ್ನ ಟೇಬಲ್ ಮುಂದೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಚೀಟಿ ಮಾಡಿಸುವಾಗ

ನನಗೆ ಬೇಕಾದದ್ದು ಹೆಸರು, ವಯಸ್ಸು, ಊರು, ಮೊದಲು ತೋರಿಸಿದ ಕಾಗದ ಇದೆಯೋ ಇಲ್ಲವೋ, ಅಷ್ಟೇ. ಜಡ್ಡು ಯಾವುದು ಅಂತ ನಾನು ಕೇಳಿದರೂ ನೀವು ಹೇಳಬೇಕಿಲ್ಲ. "ಒಳಗ ಸಾಹೇಬ್ರ ಮುಂದ ಹೇಳ್ತೀನ್ರಿ" ಅಂದರೆ ಸಾಕು, ನನಗೆ ಸಿಟ್ಟು ಬರುವುದಿಲ್ಲ. ಬೇರೆ ದವಾಖಾನೆಯಲ್ಲಿ ಯಾರಾದರೂ ಒತ್ತಾಯಿಸಿ ಕೇಳಿದರೆ ಒಂದು ಹಾಳೆಯಲ್ಲಿ ಎರಡು ಮಾತು ಬರೆದು ಮಡಚಿ ಕೊಡಿ. ಬರೆಯಲು ಬಾರದವರು ಚೀಟಿ ಮಾಡುವವಳನ್ನು ಬಾಗಿಲ ಆಚೆ ಕರೆದು ಕಿವಿಯಲ್ಲಿ ಹೇಳಲಿ.

ಇದಕ್ಕೆ ಹೊರತಾದವು ಕೆಲವಿವೆ. ಎದೆನೋವು, ಉಸಿರು ಸಿಗದಿರುವುದು, ಫಿಟ್ಸ್, ಹಾವು ಕಡಿದದ್ದು, ಬಸುರಿಗೆ ರಕ್ತ ಹೋಗುವುದು, ಒಂದು ಬದಿ ಕೈಕಾಲು ಸೋತು ಬಾಯಿ ಸೊಟ್ಟಗಾಗುವುದು ಇಂಥವಿದ್ದರೆ ನಾಚಿಕೆ ಬಿಟ್ಟು ಕೂಗಿ. ಆಗ ಪಾಳಿ ಎಂಬುದಿಲ್ಲ. ನಿಮಗಿಂತ ಮುಂದೆ ಕೂತವರು ಗೊಣಗಿದರೆ ಅವರಿಗೆ ಉತ್ತರ ಹೇಳುವುದು ನನ್ನ ಕೆಲಸ. ಮನೆಯಲ್ಲೇ ಇಂಥದ್ದಾದರೆ ನಮ್ಮಲ್ಲಿಗೆ ಬರುವ ಮೊದಲೇ 108ಕ್ಕೆ ಫೋನ್ ಮಾಡಿ.

ಪಾಳಿಗಾಗಿ ಕಾಯುವಾಗ ಗೋಡೆ ನೋಡಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿಯಾಯಿತು. ಒಂದೇ ಕೋಣೆಯ ಕ್ಲಿನಿಕ್ ಆದರೂ ಅದರಡಿ ನೋಂದಣಿ ಇರಬೇಕು, ಆ ಪ್ರಮಾಣಪತ್ರ ಮತ್ತು ದರಪಟ್ಟಿ ಕಣ್ಣಿಗೆ ಬೀಳುವ ಹಾಗೆ ಹಾಕಿರಬೇಕು. ಡಾಕ್ಟರ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ದವಾಖಾನೆಯಲ್ಲೂ ಇರಬೇಕು, ಅವರು ಬರೆದುಕೊಡುವ ಔಷಧಿ ಚೀಟಿ, ಸರ್ಟಿಫಿಕೇಟ್, ರಸೀದಿಯ ಮೇಲೂ ಇರಬೇಕು. ಹಳ್ಳಿ ಕಡೆ ಕುರ್ಚಿ, ಸ್ಟೆತಸ್ಕೋಪ್, ಒಂದು ಸಲೈನ್ ಸ್ಟ್ಯಾಂಡ್ ಇಟ್ಟುಕೊಂಡು ಕೂತವರ ಗೋಡೆಯ ಮೇಲೆ ದೇವರ ಫೋಟೋ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಲ್ಲಿಂದ ಎದ್ದು ಬನ್ನಿ.

ಒಳಗೆ ಯಾರಿರಬೇಕು

ಎಲ್ಲಕ್ಕಿಂತ ಹೆಚ್ಚು ತಕರಾರು ನಾನು ನೋಡಿದ್ದು ಇಲ್ಲಿಯೇ. ನಮ್ಮ ಕಡೆ ಒಬ್ಬರಿಗೆ ಹುಷಾರಿಲ್ಲ ಅಂದರೆ ಮೂವರು ಬರುತ್ತಾರೆ. ಅತ್ತೆ, ಗಂಡ, ಜೊತೆಗೆ ದಾರಿಯಲ್ಲಿ ಸಿಕ್ಕ ಕಾಕಾ. ಸೊಸೆ ಬಾಯಿ ಬಿಡುವ ಮೊದಲೇ ಅತ್ತೆ ಎಲ್ಲ ಹೇಳಿ ಮುಗಿಸಿರುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ, ಆದರೆ ಬಿಳಿಸೆರಗು ಎಷ್ಟು ದಿನದಿಂದ ಇದೆ, ಮುಟ್ಟು ಎಂದು ನಿಂತಿತು ಎಂಬುದು ಆಕೆಗೆ ಹೇಗೆ ಗೊತ್ತಿರಬೇಕು? ಒಳಗೆ ನಿಮ್ಮ ಜೊತೆ ಯಾರಿರಬೇಕು ಎಂಬುದನ್ನು ನಿರ್ಧರಿಸುವವರು ನೀವು. ಅತ್ತೆಯ ಮುಂದೆ "ನೀವು ಹೊರಗ ಹೋಗ್ರಿ" ಅನ್ನಲು ಆಗದಿದ್ದರೆ ಚೀಟಿ ಮಾಡಿಸುವಾಗಲೇ ನನ್ನ ಹತ್ತಿರ ಹೇಳಿ. "ತಪಾಸಣೆಗೆ ಒಬ್ಬೊಬ್ಬರೇ ಬರ್ರಿ" ಎಂದು ನಾನು ಹೇಳಿದರೆ ಅದು ದವಾಖಾನೆಯ ಪದ್ಧತಿ ಆಗುತ್ತದೆ, ನಿಮ್ಮ ಮನೆಯ ಜಗಳ ಆಗುವುದಿಲ್ಲ.

ಗದ್ದಲ ಇದ್ದ ದಿನ ಒಬ್ಬರನ್ನು ನೋಡುತ್ತಿರುವಾಗಲೇ ಮುಂದಿನವರನ್ನು ಕರೆದು ಬಾಜೂಕೆ ಸ್ಟೂಲ್ ಮೇಲೆ ಕೂರಿಸುವ ರೂಢಿ ಬಹಳ ಕಡೆ ಇದೆ. ಸಮಯ ಉಳಿಯುತ್ತದೆ, ಮರ್ಯಾದೆ ಉಳಿಯುವುದಿಲ್ಲ. ನೀವು ಹೇಳಬೇಕಾದದ್ದು ಗುಟ್ಟಿನದಾದರೆ "ಸಾಹೇಬ್ರ, ಇವರು ಹೋದ ಮ್ಯಾಲ ಹೇಳ್ತೀನ್ರಿ" ಎಂದು ಸುಮ್ಮನೆ ಕೂತುಬಿಡಿ. ಡಾಕ್ಟರಿಗೆ ತಕ್ಷಣ ತಿಳಿಯುತ್ತದೆ. ಹೆಣ್ಣುಮಗಳನ್ನು ಗಂಡು ಡಾಕ್ಟರು ತಪಾಸಣೆ ಮಾಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕೆಂದು ಕೇಳುವುದು ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇದೂ ಇದೆ. ನಮ್ಮಲ್ಲಿ ಆ ಹೆಂಗಸು ಬಹಳ ಸಲ ನಾನೇ. ನಾನು ಓಣಿಯವಳು ಎಂದು ನಿಮಗೆ ಬೇಡವಾದರೆ ನಿಮ್ಮ ಅಕ್ಕನನ್ನೋ ಅವ್ವನನ್ನೋ ಕರೆತನ್ನಿ.

ಇನ್ನು ಮೊಬೈಲ್ ನಂಬರ್. ಇದನ್ನು ಯಾರೂ ಲಕ್ಷಿಸುವುದಿಲ್ಲ. ಲ್ಯಾಬಿನ ಫಾರ್ಮಿನಲ್ಲಿ ಯಾರ ನಂಬರ್ ಬರೆಸುತ್ತೀರೋ ರಿಪೋರ್ಟ್ ಅವರ ವಾಟ್ಸಾಪಿಗೆ ಹೋಗುತ್ತದೆ. ಹೆಂಗಸರು ರೂಢಿಯ ಮೇಲೆ ಗಂಡನ ನಂಬರ್ ಹೇಳುತ್ತಾರೆ, ಮುದುಕರು ಮಗನದು ಹೇಳುತ್ತಾರೆ. ಬಸುರಿನ ಪರೀಕ್ಷೆಯೋ ಸೋಂಕಿನ ಪರೀಕ್ಷೆಯೋ ಆಗಿದ್ದರೆ ಬರೆಸುವ ಮೊದಲು ಒಂದು ಗಳಿಗೆ ಯೋಚಿಸಿ. "ಫೋನಿಗೆ ಕಳಿಸಬ್ಯಾಡ್ರಿ, ನಾನ ಬಂದು ಒಯ್ತೀನಿ" ಅನ್ನಲೂ ಬಹುದು. ನಮ್ಮಲ್ಲಿಗೆ ಫೋನ್ ಮಾಡಿ "ನನ್ನ ಹೆಂಡತಿ ರಿಪೋರ್ಟ್ ಏನ ಬಂತು" ಎನ್ನುವವರಿಗೆ ನಾನು ಹೇಳುವುದಿಲ್ಲ. ಸಿಟ್ಟು ಮಾಡುತ್ತಾರೆ, ಮಾಡಲಿ.

ಎಚ್‌ಐವಿ ಪರೀಕ್ಷೆಗೆ ಕಾನೂನು ಇನ್ನೂ ಬಿಗಿ. 2017ರ ಕಾಯ್ದೆಯ ಪ್ರಕಾರ ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಕೆಲಸದ ಮಾಲೀಕನಿಗಾಗಲಿ ಬೀಗರಿಗಾಗಲಿ ತಿಳಿಸುವಂತಿಲ್ಲ. ಜೋಡಿಯಾಗಿರುವವರಿಗೆ ಸೋಂಕು ತಗಲುವ ಅಪಾಯವಿದ್ದು, ಸಮಾಲೋಚನೆಯಾದ ಮೇಲೂ ರೋಗಿ ಹೇಳದೆ ಇದ್ದರೆ ಆಗ ಡಾಕ್ಟರು ಆ ಜೋಡಿಗೆ ಮಾತ್ರ ತಿಳಿಸಬಹುದು. ಗರ್ಭಪಾತಕ್ಕೆ ವಯಸ್ಸಿಗೆ ಬಂದ ಹೆಣ್ಣುಮಗಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಆಕೆಯ ಹೆಸರು ಹೊರಗೆ ಹಾಕುವುದು ಅಪರಾಧ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನು ಮಾತ್ರ ನನ್ನ ಹತ್ತಿರವಾಗಲಿ ಡಾಕ್ಟರ ಹತ್ತಿರವಾಗಲಿ ತರಬೇಡಿ. 1994ರ ಕಾಯ್ದೆಯಡಿ ಅದು ಅಪರಾಧ, ಪತ್ತೆ ಮಾಡಿಸಿದವರಿಗೂ ಶಿಕ್ಷೆ ಇದೆ.

ಗುಟ್ಟು ಇಟ್ಟುಕೊಳ್ಳಲು ನಮಗೆ ಅಧಿಕಾರವೇ ಇಲ್ಲದ ಸಂಗತಿಗಳೂ ಇವೆ, ಮೊದಲೇ ಗೊತ್ತಿರಲಿ. ಟಿಬಿ ಆದರೆ ಖಾಸಗಿ ಡಾಕ್ಟರೂ ಸರಕಾರಕ್ಕೆ ತಿಳಿಸಲೇಬೇಕು. ಅದರಿಂದ ನಿಮಗೆ ಪುಕ್ಕಟೆ ಗುಳಿಗೆಯೂ ಪೌಷ್ಟಿಕ ಆಹಾರಕ್ಕೆ ದುಡ್ಡೂ ಬರುತ್ತದೆ. ಬಡಿದಾಟದ ಗಾಯ, ವಿಷ ಕುಡಿದದ್ದು, ಅಪಘಾತ ಇವು ಪೊಲೀಸರಿಗೆ ಹೋಗುತ್ತವೆ. ಹದಿನೆಂಟು ತುಂಬದ ಹುಡುಗಿ ಬಸುರಿಯಾಗಿ ಬಂದರೆ, ಮದುವೆ ಆಗಿದೆ ಎಂದು ನೀವು ತಾಳಿ ತೋರಿಸಿದರೂ, ಡಾಕ್ಟರು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯಂತೆ ವರದಿ ಮಾಡಬೇಕು. ಹೆದರಿ ಹುಡುಗಿಯನ್ನು ಕರೆತರದೆ ಇರಬೇಡಿ. ವರದಿ ಆಗುತ್ತದೆಂದು ಚಿಕಿತ್ಸೆ ತಪ್ಪುವುದಿಲ್ಲ.

ಕಾಗದ, ಗುಳಿಗೆ, ಸೂಜಿ

ಔಷಧಿಯ ಹೆಸರನ್ನು ಓದಲು ಬರುವಂತೆ, ಕಂಪನಿ ಹೆಸರಿನ ಬದಲು ಮೂಲ ಔಷಧಿಯ ಹೆಸರಿನಲ್ಲಿ ಬರೆಯಬೇಕೆಂದು ನಿಯಮ ಇದೆ. ಎಲ್ಲರೂ ಪಾಲಿಸುವುದಿಲ್ಲ. "ಜನೌಷಧಿ ಅಂಗಡ್ಯಾಗ ಸಿಗೂ ಹಂಗ ಬರದ ಕೊಡ್ರಿ" ಎಂದು ಕೇಳಿ, ಬಹಳಷ್ಟು ಡಾಕ್ಟರು ಬರೆದುಕೊಡುತ್ತಾರೆ. ದವಾಖಾನೆಗೆ ಹೊಂದಿದ ಮೆಡಿಕಲ್‌ನಲ್ಲೇ ಕೊಳ್ಳಬೇಕು, ಇಂಥದ್ದೇ ಲ್ಯಾಬಿಗೆ ಹೋಗಬೇಕು ಎಂಬ ಒತ್ತಾಯ ಸಲ್ಲದು. ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಅಭಿಪ್ರಾಯ ಕೇಳುವುದಕ್ಕೂ ಯಾರೂ ಅಡ್ಡ ಬರುವಂತಿಲ್ಲ.

ನಮ್ಮ ಭಾಗದವರು ದೊಡ್ಡ ಜಡ್ಡಿಗೆ ಬಾಗಲಕೋಟೆ, ಬೆಳಗಾವಿಗೆ ಹೋಗುತ್ತಾರೆ, ಇಲ್ಲವೇ ಗಡಿ ದಾಟಿ ಮಿರಜಕ್ಕೆ. ಹೋಗುವಾಗ ಬರಿಗೈಲಿ ಹೋಗಬೇಡಿ. ನಿಮ್ಮ ದಾಖಲೆ ಕೇಳಿದರೆ 72 ತಾಸಿನೊಳಗೆ ಕೊಡಬೇಕು, ದಾಖಲಾಗಿ ಮಲಗಿದ ರೋಗಿಯ ಕಾಗದಗಳನ್ನು ಡಾಕ್ಟರು 3 ವರ್ಷ ಇಟ್ಟಿರಬೇಕು. ಬಾಯಿಮಾತಲ್ಲಿ ಕೇಳಿದರೆ "ನಾಳಿ ಬರ್ರಿ" ಎನ್ನುತ್ತಾರೆ. ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಅದರ ಝೆರಾಕ್ಸ್ ಮೇಲೆ "ಮುಟ್ಟಿತು" ಎಂದು ಸಹಿ ಹಾಕಿಸಿಕೊಳ್ಳಿ. ಸಹಿ ಕೇಳಿದ ಮೇಲೆ ಫೈಲು ಬೇಗ ಸಿಗುತ್ತದೆ.

ಸೂಜಿಯ ವಿಷಯದಲ್ಲಿ ತಪ್ಪು ಬಹುತೇಕ ನಮ್ಮ ಜನರದೇ ಎಂದು ನನ್ನ ಅಭಿಪ್ರಾಯ. "ಸೂಜಿ ಮಾಡದ ಡಾಕ್ಟರ್ ಎಂಥಾ ಡಾಕ್ಟರ್" ಎನ್ನುತ್ತಾ ಇನ್ನೊಂದು ಕಡೆ ಹೋಗುವವರನ್ನು ದಿನಾ ನೋಡುತ್ತೇನೆ. ನಾಳೆ ಮಗ್ಗಕ್ಕೆ ಹೋಗಬೇಕು, ಇವತ್ತೇ ಜ್ವರ ಇಳಿಯಬೇಕು, ಆ ಕಷ್ಟ ನನಗೂ ಗೊತ್ತು. ಆದರೆ ನೆಗಡಿ ಜ್ವರಕ್ಕೆ ಸಲೈನ್ ಹಚ್ಚಿಸಿಕೊಂಡರೆ ದುಡ್ಡು ಹೋಗುತ್ತದೆ, ಜ್ವರ ತನ್ನ ಪಾಡಿಗೆ ಇಳಿಯುತ್ತದೆ. ನಿಮಗಿರುವ ಹಕ್ಕು ಕೇಳುವುದು: ಇದು ಯಾತಕ್ಕೆ, ಹಾಕದಿದ್ದರೆ ಏನಾಗುತ್ತದೆ, ಗುಳಿಗೆಯಲ್ಲಿ ಆಗುವುದಿಲ್ಲವೇ. ಹಾಗೆಯೇ ಸ್ಟ್ರಿಪ್ಪಿನ ಹಿಂಬದಿ ಕೆಂಪು ಗೆರೆ ಇರುವ ಗುಳಿಗೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ಹೋದ ವರ್ಷ ತಮ್ಮನಿಗೆ ಬರೆದ ಚೀಟಿ ತಂದು "ಇದ ಗುಳಿಗಿ ನನಗೂ ಕೊಡ್ರಿ" ಅನ್ನಬೇಡಿ.

ನೀವು ಮಾಡಬೇಕಾದ್ದು

ನಿಜ ಹೇಳಿ. ಬೆಳಿಗ್ಗೆ ಬೇರೆ ಎಲ್ಲೋ ಸೂಜಿ ಮಾಡಿಸಿಕೊಂಡು ಬಂದದ್ದು, ನಾಟಿ ಔಷಧಿ, ಸರಾಯಿ, ಮೊದಲೊಮ್ಮೆ ಯಾವುದೋ ಗುಳಿಗೆ ತಿಂದು ಮೈಯೆಲ್ಲ ಗಾದರಿ ಎದ್ದದ್ದು, ಬಸುರಿದ್ದೀರೋ ಹೇಗೆ ಇವನ್ನು ಮುಚ್ಚಿಟ್ಟರೆ ಡಾಕ್ಟರು ಕಣ್ಣು ಕಟ್ಟಿಕೊಂಡು ಔಷಧಿ ಬರೆದಂತೆ. ತಿನ್ನುತ್ತಿರುವ ಗುಳಿಗೆಗಳ ಖಾಲಿ ಸ್ಟ್ರಿಪ್ ತನ್ನಿ; "ಬಿಳೀ ಗುಳಿಗಿ, ಸಣ್ಣದು" ಎಂಬ ವಿವರದಿಂದ ಯಾರಿಗೂ ಪ್ರಯೋಜನವಿಲ್ಲ. ಕೆಮ್ಮಿದ್ದರೆ ಬಾಯಿಗೆ ಟವೆಲ್ ಇರಲಿ. ಬೆಂಚಿನ ಮೇಲೆ ಕೂತು ವಿಡಿಯೋ ಕಾಲ್ ಮಾಡಬೇಡಿ, ನಿಮ್ಮ ಹಿಂದೆ ಕೂತ ಹೆಣ್ಣುಮಗಳು ಯಾರಿಗೂ ಹೇಳದೆ ಬಂದಿರಬಹುದು.

ಇನ್ನೊಂದು, ಕೈ ಎತ್ತುವುದು. ಡಾಕ್ಟರ ಮೇಲೆ, ನರ್ಸ್ ಮೇಲೆ, ನನ್ನಂಥವಳ ಮೇಲೆ ಹಲ್ಲೆ ಮಾಡಿದರೆ, ಕುರ್ಚಿ ಗಾಜು ಒಡೆದರೆ ಕರ್ನಾಟಕದ 2009ರ ಕಾಯ್ದೆಯಡಿ ಅದು ಜಾಮೀನು ಸಿಗದ ಅಪರಾಧ. ಸಿಟ್ಟಿಗೆ ಬೇರೆ ದಾರಿಗಳಿವೆ.

ತಕರಾರು ಇದ್ದರೆ

ಮೊದಲು ಡಾಕ್ಟರ ಹತ್ತಿರವೇ, ಗದ್ದಲ ಕಡಿಮೆ ಇರುವ ಹೊತ್ತಿನಲ್ಲಿ ಕೇಳಿ. ಅರ್ಧಕ್ಕರ್ಧ ಅಲ್ಲೇ ಬಗೆಹರಿಯುತ್ತವೆ. ನೋಂದಣಿ ಇಲ್ಲದಿರುವುದು, ದರಪಟ್ಟಿಗಿಂತ ಹೆಚ್ಚು ವಸೂಲಿ, ತುರ್ತು ಸಮಯದಲ್ಲಿ ಮುಂಗಡ ಕಟ್ಟದೆ ಪ್ರಥಮ ಚಿಕಿತ್ಸೆ ಇಲ್ಲ ಎಂದದ್ದು, ಬಿಲ್ ಬಾಕಿ ಎಂದು ಹೆಣ ಹಿಡಿದಿಟ್ಟುಕೊಂಡದ್ದು ಇಂಥವಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬೇಕು. ಜಿಲ್ಲಾಧಿಕಾರಿ ಕಚೇರಿ ಬಾಗಲಕೋಟೆಯ ನವನಗರದಲ್ಲಿದೆ, ಹಳೇ ಊರಿನಲ್ಲಿ ಇಳಿದು ಅಲೆಯಬೇಡಿ. ಡಾಕ್ಟರು ಗುಟ್ಟು ಬಯಲು ಮಾಡಿದ್ದು, ನಡತೆಗೆಟ್ಟು ವರ್ತಿಸಿದ್ದು ಕರ್ನಾಟಕ ವೈದ್ಯಕೀಯ ಮಂಡಳಿಗೆ ಹೋಗಬೇಕು, ಅದು ಬೆಂಗಳೂರಿನಲ್ಲಿದೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾಗಿ ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗ. 2 ವರ್ಷದೊಳಗೆ ದೂರು ಕೊಡಬೇಕು, ನೀವು ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಅರ್ಜಿ ಒಂದೇ ಪುಟ ಸಾಕು: ಯಾವ ದಿನ, ಎಷ್ಟು ಗಂಟೆಗೆ, ಯಾರು ಏನಂದರು, ನೀವು ಏನು ಕಟ್ಟಿದಿರಿ. ಬೈಗುಳ ಬೇಡ. ರಸೀದಿಯ ಝೆರಾಕ್ಸ್ ಹಚ್ಚಿ, ಮೂಲ ಕಾಗದ ಯಾರಿಗೂ ಕೊಡಬೇಡಿ.