ಅಮ್ಮನ ಕಾವಲಿಯ ಮೇಲೆ ಲಿಸ್ಬನ್ನಿನ ನಾತಾ

ಹೆಸರು ಕೇಳಿ ಮೂಗು ಮುಚ್ಕೋಬೇಡಿ. ಪೋರ್ಚುಗೀಸರ ಮಾತಿನಲ್ಲಿ ನಾತಾ ಅಂದ್ರೆ ಕೆನೆ. ಪಾಶ್ಟೆಲ್ ದ ನಾತಾ ನಿಮಗೆಲ್ಲ ಗೊತ್ತಿರುವುದೇ: ಪದರ ಪದರದ ಪುಟ್ಟ ಬಟ್ಟಲು, ಒಳಗೆ ಕಸ್ಟರ್ಡ್, ಮೇಲೆ ಸುಟ್ಟ ಕಪ್ಪು ಕಲೆ.

ಲಿಸ್ಬನ್ನಿನಲ್ಲಿ ಇದನ್ನು ಮನೇಲಿ ಮಾಡುವವರು ಅಪರೂಪ. ಯಾಕೆ ಮಾಡಬೇಕು? ಬೀದಿಗೆರಡು ಅಂಗಡಿ, ಒಂದಕ್ಕೆ ಒಂದೂಕಾಲು, ಒಂದೂವರೆ ಯೂರೋ. ಕೌಂಟರ್ ಮುಂದೆ ನಿಂತುಕೊಂಡೇ ಚಿಕ್ಕ ಕಪ್ಪಿನಲ್ಲಿ ಕಾಫಿ, ನಾತಾದ ಮೇಲೆ ಒಂದಿಷ್ಟು ಚಕ್ಕೆ ಪುಡಿ, ಮೂರು ತುತ್ತು, ಮುಗೀತು. ನಮ್ಮ ದರ್ಶಿನಿಯಲ್ಲಿ ವಡೆ ತಿಂದ ಹಾಗೆ. ಹಾಗಾಗಿ ಬಾಡಿಗೆ ಮನೆಯ ಓವನ್‌ನಲ್ಲಿ ಮಾಡ್ತೀನಿ ಅಂದಾಗ ಎಲ್ಲರೂ ನಕ್ಕರು. ನಾನು ತಟ್ಟೆ ತೊಳೆಯುವುದರಿಂದ ಶುರು ಮಾಡಿದ ಬೇಕರಿಯ ಮೆಸ್ತ್ರೆ ಎಲ್ಲರಿಗಿಂತ ಜಾಸ್ತಿ ನಕ್ಕರು. (ನಮ್ಮ ‘ಮೇಸ್ತ್ರಿ’ ಬಂದದ್ದು ಇವರ ಈ ಮೆಸ್ತ್ರೆಯಿಂದಲೇ.) “ಇಲ್ಲಿ 350ರ ಮೇಲೆ ಉರಿ. ನಿನ್ನ ಓವನ್ ಎಷ್ಟು, 250? ಆಗೋದಿಲ್ಲ ಬಿಡು.”

ಮೊದಲ ನಾಲ್ಕೈದು ಸಲ ಅವರ ಮಾತೇ ನಿಜವಾಯಿತು. ಬೇಕರಿಯಲ್ಲಿ ಗಟ್ಟಿ ಮಾರ್ಗರಿನ್ ಹಾಕುತ್ತಿದ್ದರು. ನಾನು ಹಠ ಹಿಡಿದು ಬೆಣ್ಣೆ ಹಾಕಿದೆ, ಅದೂ ಆಗಸ್ಟ್ ಸೆಖೆಯಲ್ಲಿ. ಲಟ್ಟಿಸುವಾಗಲೇ ಬೆಣ್ಣೆ ಪದರ ಒಡೆದು ಹೊರಗೆ ಬಂತು. ಬಟ್ಟಲು ಬೇಯಲಿಲ್ಲ, ಅಚ್ಚಿನೊಳಗೆ ಕರಿದುಹೋಯಿತು. ಇನ್ನೊಂದು ಸಲ ಮೇಲೆ ಕಪ್ಪು ಬರಲಿ ಅಂತ ಕಾದೆ. ಅಷ್ಟರಲ್ಲಿ ಕಸ್ಟರ್ಡ್ ಒಡೆದು ಮೊಟ್ಟೆ ಪಲ್ಯ. ಮತ್ತೊಂದು ಸಲ ಮೇಲೆಲ್ಲ ಚೆನ್ನ, ಅಡಿ ಮಾತ್ರ ಹಸಿ ಹಿಟ್ಟು. ಬೆಣ್ಣೆ ಕಿಲೋಗೆ ಹತ್ತು ಯೂರೋ ಹತ್ತಿರ. ಅಚ್ಚು, ಮೊಟ್ಟೆ, ಕರೆಂಟ್ ಬಿಲ್ ಎಲ್ಲ ಸೇರಿಸಿದರೆ ಇನ್ನೂರು ಯೂರೋ ಹೋಗಿರಬೇಕು. ಹೆಂಡತಿ ಲೆಕ್ಕದಲ್ಲಿ ಮುನ್ನೂರು.

ಪಾಕದಲ್ಲಿ ಮಾತ್ರ ನಾನು ಒಮ್ಮೆಯೂ ಸೋಲಲಿಲ್ಲ. ಇಲ್ಲಿನವರು ಸಕ್ಕರೆ ಪಾಕದ ಒಂದು ಹದಕ್ಕೆ ‘ಪೊಂತು ದ ಫಿಯು’ ಅನ್ನುತ್ತಾರೆ. ಫಿಯು ಅಂದರೆ ನೂಲು. ನಮ್ಮ ಎಳೆ ಪಾಕವೇ ಅಲ್ವಾ! ಹೊಸ ಹುಡುಗರು ಥರ್ಮಾಮೀಟರ್ ಹಿಡಿದು ನಿಂತಿರುವಾಗ ನಾನು ಎರಡು ಬೆರಳಲ್ಲಿ ಅಂಟು ನೋಡಿ ಒಲೆ ಆರಿಸುತ್ತಿದ್ದೆ. ಲಡ್ಡು ಕಟ್ಟುವ ಮನೆಯಲ್ಲಿ ಬೆಳೆದ ಲಾಭ. ಅರ್ಧ ಲೀಟರ್ ಹಾಲಿಗೆ ಸುಮಾರು ಏಳು ಮೊಟ್ಟೆಯ ಹಳದಿ, ಎರಡು ಹಿಡಿ ಮೈದಾ, ಪಾಕದಲ್ಲಿ ಚಕ್ಕೆ, ನಿಂಬೆ ಸಿಪ್ಪೆ. ಇಪ್ಪತ್ತು, ಇಪ್ಪತ್ತೆರಡು ಆಗುತ್ತವೆ. ಹಾಲಿಗೆ ಇನ್ನೊಂದು ವಸ್ತು ಹಾಕುತ್ತೇನೆ, ಅದನ್ನು ಹೇಳೋದಿಲ್ಲ. ಇಲ್ಲಿ ಗುಟ್ಟು ಇಟ್ಟುಕೊಳ್ಳೋದೂ ಸಂಪ್ರದಾಯವೇ. ಲಿಸ್ಬನ್ನಿನ ಬೆಲೆಂ ಬಡಾವಣೆಯ ಹಳೆಯ ನಾತಾ ಅಂಗಡಿಯಲ್ಲಿ ಈಗಲೂ ಕಸ್ಟರ್ಡ್ ಕಲಸುವುದು ಬಾಗಿಲು ಹಾಕಿದ ಕೋಣೆಯಲ್ಲಿ. ರೆಸಿಪಿ ಗೊತ್ತಿರುವವರು ಬೆರಳೆಣಿಕೆ.

ಆ ಅಂಗಡಿ ಜೆರೋನಿಮುಶ್ ಮಠದ ಪಕ್ಕದಲ್ಲೇ ಇದೆ. ತಿಂಡಿ ಮಠದವರದ್ದು. 1834ರಲ್ಲಿ ದೇಶದ ಮಠಗಳನ್ನೆಲ್ಲ ಸರ್ಕಾರ ಮುಚ್ಚಿಸಿತು. ಹೊಟ್ಟೆಪಾಡಿಗೆ ಈ ತಿಂಡಿ ಮಾರಾಟಕ್ಕೆ ಬಂತು. 1837ರಲ್ಲಿ ಅಲ್ಲೇ ಸಕ್ಕರೆ ಕಾರ್ಖಾನೆಯ ಪಕ್ಕ ಅಂಗಡಿ ಶುರುವಾಯಿತು. ಅವರದ್ದಕ್ಕೆ ಮಾತ್ರ ‘ಪಾಶ್ಟೆಲ್ ದ ಬೆಲೆಂ’ ಎಂಬ ಹೆಸರು. ಉಳಿದವರದ್ದೆಲ್ಲ ಬರೀ ನಾತಾ.

ಮಠದಲ್ಲಿ ಹಳದಿ ಯಾಕೆ ಅಷ್ಟು ಉಳಿಯುತ್ತಿತ್ತು? ಬಿಳಿಯನ್ನು ನಿಲುವಂಗಿಗೆ ಗಂಜಿ ಹಾಕಲು ಬಳಸುತ್ತಿದ್ದರಂತೆ. ನನ್ನ ಪಾಡು ಉಲ್ಟಾ. ಫ್ರಿಜ್ ತುಂಬ ಬಿಳಿ. ಒಂದು ಭಾನುವಾರ ನನ್ನ ಬಿಳಿ ಪಂಚೆಯ ಮೇಲೆ ಪ್ರಯೋಗ ಮಾಡಿಯೇಬಿಟ್ಟೆ. ಗಂಜಿ ಏನೋ ಖಡಕ್ಕಾಗಿ ಹಿಡಿಯಿತು. ಇಸ್ತ್ರಿ ಪೆಟ್ಟಿಗೆ ಇಟ್ಟ ತಕ್ಷಣ ಮನೆಯೆಲ್ಲ ಆಮ್ಲೆಟ್ ವಾಸನೆ. ಆಗ ನಾತಾಕ್ಕೆ ನಮ್ಮ ಅರ್ಥವೇ ಸರಿ ಅನಿಸಿತು.

ಚೀನಾದ ಮಕಾವ್ ಥರದ್ದೂ ಮಾಡಿ ನೋಡಿದೆ. ಆಂಡ್ರ್ಯೂ ಸ್ಟೋ ಎಂಬ ಇಂಗ್ಲಿಷಿನವರು 1989ರಲ್ಲಿ ಅಲ್ಲಿನ ಕೊಲೊಆನ್ ಎಂಬಲ್ಲಿ ಬೇಕರಿ ತೆಗೆದು, ಇದೇ ನಾತಾವನ್ನು ಇಂಗ್ಲಿಷ್ ಕಸ್ಟರ್ಡ್ ಕಡೆಗೆ ವಾಲಿಸಿ ಮಾಡಿದರು. ಸಿಹಿ ಕಮ್ಮಿ. ನನ್ನ ಮಗಳಿಗೆ ಅದೇ ಇಷ್ಟ, ನನಗೆ ಸಪ್ಪೆ. ತೆಂಗಿನ ಹಾಲು, ಏಲಕ್ಕಿ ಹಾಕಿದ್ದಂತೂ ನಾಯಿಗೂ ಬೇಡವಾಯಿತು.

ಕೊನೆಗೆ ಕೈ ಹಿಡಿದದ್ದು ಅಮ್ಮನ ದೋಸೆ ಕಾವಲಿ. ಕುಂದಾಪುರದಿಂದ ಹೊತ್ತು ತಂದ ದಪ್ಪ ಕಬ್ಬಿಣದ್ದು. ಓವನ್‌ನ ಮೇಲಿನ ಸಾಲಿನಲ್ಲಿಟ್ಟು ಐವತ್ತು ನಿಮಿಷ ಕಾಯಿಸಿದೆ. ನೀರು ಚಿಮುಕಿಸಿದರೆ ಹನಿ ಉರುಳಿಕೊಂಡು ಓಡಬೇಕು. ಅಚ್ಚುಗಳನ್ನು ನೇರವಾಗಿ ಅದರ ಮೇಲಿಟ್ಟೆ, ಎರಡು ಸರದಿಯಲ್ಲಿ. ಕೆಳಗೆ ಕಾವಲಿಯ ಕಾವು, ಮೇಲೆ ಗ್ರಿಲ್. ಗ್ರಿಲ್ ಯಾವಾಗ ಹಾಕಬೇಕು ಎಂಬುದನ್ನು ನೀವೇ ಒಂದೆರಡು ಸಲ ಸುಟ್ಟು ಕಲಿಯಿರಿ, ನಾನು ಕಲಿತ ಹಾಗೆ. ಹನ್ನೆರಡು, ಹದಿಮೂರು ನಿಮಿಷಕ್ಕೆ ಕಸ್ಟರ್ಡ್ ಉಬ್ಬಿ, ಅಲ್ಲಲ್ಲಿ ಕಪ್ಪಾಗಿ, ಹೊರಗೆ ತೆಗೆದಾಗ ಮೆಲ್ಲಗೆ ಇಳಿಯಿತು. ಕಚ್ಚಿದರೆ ಕರಕರ. ಒಂದಕ್ಕೆ ನನಗೀಗ ಬೀಳೋದು ನಲವತ್ತು ಸೆಂಟ್ ಒಳಗೆ.

ಆರನ್ನು ಕಟ್ಟಿಕೊಂಡು ಬೇಕರಿಗೆ ಹೋದೆ. ಮೆಸ್ತ್ರೆ ತಿನ್ನುವ ಮೊದಲು ಒಂದನ್ನು ತಿರುಗಿಸಿ ಅಡಿ ನೋಡಿದರು. ಚಕ್ಕುಲಿಯ ಹಾಗೆ ಸುತ್ತು ಸುತ್ತು ಪದರ, ಕಂದು ಬಣ್ಣ. ಉಗುರಿನಿಂದ ಕೆರೆದು ಸದ್ದು ಕೇಳಿದರು. ತಿಂದ ಮೇಲೆ ಚೆನ್ನಾಗಿದೆ ಅಂತಲೂ ಹೇಳಲಿಲ್ಲ. “ಆ ಕಬ್ಬಿಣ ಎಲ್ಲಿ ಸಿಗುತ್ತೆ?” ಅಂದರು. ಡಿಸೆಂಬರಿನಲ್ಲಿ ಊರಿಗೆ ಹೋಗಿ ಬರುವಾಗ ಒಂದು ತರಬೇಕಂತೆ. ನಾಲ್ಕು ಕಿಲೋ ಲಗೇಜು ಅದಕ್ಕೇ ಹೋಯ್ತು.