ಮನೆಯ ಹುಡುಗನಿಗೆ ಗಲ್ಲು ಶಿಕ್ಷೆ ಆಯಿತು, ಮುಂದಿನ 30 ದಿನ ಏನು ಮಾಡಬೇಕು

ನಾನು 28 ವರ್ಷದಿಂದ ಮೈಸೂರು ಕೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತ. ಗ್ಯಾಂಗ್ ಕೊಲೆ ಕೇಸೊಂದರಲ್ಲಿ ತೀರ್ಪು ಬಂದ ಸಂಜೆ, ನಂಜನಗೂಡು ಕಡೆಯ ಒಬ್ಬ ತಾಯಿ ಕೋರ್ಟ್ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. "ಇನ್ನೇನೈತೆ ಬುದ್ದಿ, ಎಲ್ಲಾ ಮುಗೀತಲ್ಲ" ಅಂದರು. ಮುಗಿದಿರಲಿಲ್ಲ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೆಷನ್ಸ್ ಕೋರ್ಟ್ ಗಲ್ಲು ಎಂದ ಮಾತ್ರಕ್ಕೆ ಯಾರನ್ನೂ ನೇಣಿಗೆ ಹಾಕುವಂತಿಲ್ಲ. ಫೈಲು ಹೈಕೋರ್ಟಿಗೆ ತಾನಾಗಿಯೇ ಹೋಗುತ್ತದೆ. ಅಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ಒಪ್ಪಬೇಕು. ಅವರು ಶಿಕ್ಷೆ ಇಳಿಸಬಹುದು, ಬಿಡುಗಡೆಯನ್ನೂ ಮಾಡಬಹುದು. ಹಾಗಂತ ಸುಮ್ನೆ ಕೂರಬೇಡಿ. ನಿಮ್ಮ ಕಡೆಯಿಂದ ಅಪೀಲು 30 ದಿನದೊಳಗೆ ಕೋರ್ಟಿಗೆ ಬೀಳಬೇಕು. ತೀರ್ಪಿನ ನಕಲು ಅಪರಾಧಿಗೆ ಉಚಿತವಾಗಿ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. ವಕಾಲತ್ತಿಗೆ, ಅಂದರೆ ವಕೀಲರನ್ನು ನೇಮಿಸುವ ಕಾಗದಕ್ಕೆ, ಹುಡುಗನ ಸಹಿ ಜೈಲಿನ ಮೂಲಕವೇ ಆಗಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಕೊಡುತ್ತಾರೆ.

ಇನ್ನು ಮುಖ್ಯವಾದ ಮಾತು. ಗ್ಯಾಂಗ್ ಕೇಸಿನಲ್ಲಿ "ಅಣ್ಣನೇ ಎಲ್ಲರಿಗೂ ಸೇರಿಸಿ ಲಾಯರ್ ಇಟ್ಟಿದ್ದಾರೆ" ಅನ್ನುತ್ತಾರೆ. ಅಣ್ಣ ಅಂದರೆ ಗ್ಯಾಂಗಿನ ಲೀಡರ್. ಒಪ್ಪಬೇಡಿ. ಯಾರು ಕರೆದರು, ಯಾರು ಲಾಂಗು ತಂದರು, ಯಾರು ಬೈಕ್ ಓಡಿಸಿದರು, ಯಾರು ಹೊಡೆದರು, ಇದೆಲ್ಲ ಬೇರೆ ಬೇರೆ. ಗುಂಪಿನಲ್ಲಿದ್ದವರೆಲ್ಲ ತಪ್ಪಿತಸ್ಥರು ಎಂದಾದರೂ, ಶಿಕ್ಷೆ ಎಷ್ಟು ಎಂಬಲ್ಲಿ ಒಬ್ಬೊಬ್ಬನ ಪಾತ್ರ ಲೆಕ್ಕಕ್ಕೆ ಬರುತ್ತದೆ. ಅಣ್ಣನ ದುಡ್ಡಿನ ಲಾಯರ್ ನಿಂತು "ಈ ಹುಡುಗ ಬರೀ ಅಣ್ಣನ ಮಾತು ಕೇಳಿ ಬಂದಿದ್ದ" ಎಂದು ಹೇಳುತ್ತಾರಾ? ಒಂದೇ ಲಾಯರ್ ಇಟ್ಟುಕೊಂಡು ಚಿಕ್ಕ ಹುಡುಗರು ಮುಳುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಲ ಮಾಡಬೇಡಿ, ಉಚಿತ ವಕೀಲರೇ ಸಾಕು. ಆದರೆ ನಿಮ್ಮ ಹುಡುಗನಿಗೆ ಬೇರೆಯವರೇ ಇರಲಿ.

ಆಮೇಲೆ ಅವನ ಬದುಕಿನ ಕಾಗದಗಳನ್ನು ಹುಡುಕಿ. ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಗಲ್ಲು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಬಚನ್ ಸಿಂಗ್ ಕೇಸಿನಲ್ಲಿ ಹೇಳಿದೆ. ಕೊಲೆಯ ಜೊತೆಗೆ ಕೊಂದವನನ್ನೂ ನೋಡಬೇಕು ಎಂದಿದೆ. ಅವನ ವಯಸ್ಸು, ಬೆಳೆದ ರೀತಿ, ಮನಸ್ಸಿನ ಆರೋಗ್ಯ, ಜೈಲಿನ ನಡತೆ ಇವುಗಳ ವರದಿ ತರಿಸಬೇಕು ಎಂದು 2022ರಲ್ಲಿ ಮನೋಜ್ ಕೇಸಿನಲ್ಲಿ ಮತ್ತೆ ಹೇಳಿತು. ಆ ತಾಯಿ ಮಾರನೆಯ ವಾರ ಒಂದು ಬಟ್ಟೆ ಅಂಗಡಿ ಕವರ್ ತಂದರು. ಅದರಲ್ಲಿ ಏಳನೇ ಕ್ಲಾಸಿನ ಟಿಸಿ, ಅಪ್ಪ ಸತ್ತ ಸರ್ಟಿಫಿಕೇಟು, ಹುಡುಗ ತಲೆಗೆ ಪೆಟ್ಟು ಬಿದ್ದು ದೊಡ್ಡಾಸ್ಪತ್ರೆ ಸೇರಿದ್ದಾಗಿನ ಚೀಟಿ ಇದ್ದವು. ಚೀಟಿ ಮಡಿಕೆಯಲ್ಲಿ ಹರಿದು ಎರಡಾಗಿತ್ತು. "ಇದ್ಯಾಕೆ ಬೇಕು, ಬಿಸಾಕೋಣ ಅಂತಿದ್ದೆ" ಅಂದರು. ನಾನು ಗೋಂದು ಹಚ್ಚಿ ಅಂಟಿಸಿ ಫೈಲಿಗೆ ಸೇರಿಸಿದೆ. ಅಂಥ ಒಂದು ಚೀಟಿಯನ್ನೂ ಬಿಸಾಕಬೇಡಿ.

ಜೈಲಿಗೆ ಹೋಗಿ ಮಾತಾಡಿಸುತ್ತಿರಿ. ಎಲ್ಲ ಅಪೀಲು ಮುಗಿಯುವವರೆಗೆ ಅವನನ್ನು ಒಂಟಿ ಕೋಣೆಯಲ್ಲಿ ಹಾಕುವಂತಿಲ್ಲ, 1978ರ ಸುನಿಲ್ ಬಾತ್ರಾ ತೀರ್ಪು ಇದೆ.

ಸತ್ತವನ ಮನೆಗೆ ರಾಜಿಗೆ ಹೋಗಬೇಡಿ. ಕೊಲೆ ಕೇಸು ರಾಜಿಯಾಗುವುದಿಲ್ಲ. ಅವರೂ ಮಗನನ್ನು ಕಳೆದುಕೊಂಡವರು. ನಿಮ್ಮವರು ಬಾಗಿಲಿಗೆ ಹೋಗಿ ನಿಂತರೆ ಅವರಿಗೆ ಅದು ಬೆದರಿಕೆಯಾಗಿಯೇ ಕಾಣುತ್ತದೆ.

ಹೈಕೋರ್ಟ್ ಗಲ್ಲು ಖಾಯಂ ಮಾಡಿದರೆ ಸುಪ್ರೀಂ ಕೋರ್ಟ್ ಇದೆ, ಕೊನೆಗೆ ಕ್ಷಮಾದಾನದ ಅರ್ಜಿ. ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಆ ಅರ್ಜಿಗೂ 30 ದಿನದ ಗಡುವು. ಪಾಲಾರ್ ನೆಲಬಾಂಬ್ ಕೇಸು ನೆನಪಿದೆಯಲ್ವಾ? ವೀರಪ್ಪನ್ ಸಹಚರರು ನಾಲ್ವರಿಗೆ ಇಲ್ಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ 2001ರಲ್ಲಿ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ 2013ರಲ್ಲಿ ತಿರಸ್ಕಾರವಾಯಿತು. ಆದರೆ ಅಷ್ಟು ವರ್ಷ ತಡ ಮಾಡಿದ್ದೇ ಕಾರಣವಾಗಿ, 2014ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್ ಅವರ ಗಲ್ಲನ್ನು ಜೀವಾವಧಿಗೆ ಇಳಿಸಿತು.

ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಯಾವ ಅರ್ಜಿ ಯಾವತ್ತು ಕೊಟ್ಟಿರಿ, ಯಾರು ಸಹಿ ಹಾಕಿ ತೆಗೆದುಕೊಂಡರು, ಉತ್ತರ ಯಾವತ್ತು ಬಂತು, ಎಲ್ಲ ಬರೆಯಿರಿ. ಓದು ಬರಹ ಬಾರದ ಆ ತಾಯಿ ಪಕ್ಕದ ಮನೆಯ ಹುಡುಗಿಯ ಕೈಲಿ ಬರೆಸುತ್ತಿದ್ದರು.