ಎಳೆಗರುಳಿಗೆ ಹೆಪ್ಪು ಹಾಕುವ ಬಗೆ

ಒಳ್ಳೆಯ ಹೆಪ್ಪು ಬಿದ್ದರೆ ಗಟ್ಟಿ ಮೊಸರು, ಕೆಟ್ಟದ್ದು ಬಿದ್ದರೆ ಲೋಳೆ. ಹುಟ್ಟಿದ ಕೂಸಿನ ಕರುಳಿನ ಕಥೆಯೂ ಹೆಚ್ಚುಕಡಿಮೆ ಇದೇ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ತಾಯಿಯಿಂದಲೇ ಒಳ್ಳೆಯ ಬ್ಯಾಕ್ಟೀರಿಯಾ ಸಿಗುತ್ತದೆ. 32 ವಾರಕ್ಕೂ ಮೊದಲೇ ಹುಟ್ಟಿ, ಆಂಟಿಬಯೋಟಿಕ್ ಹಾಕಿಸಿಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಕೂಸಿನ ಕರುಳಲ್ಲಿ ಆಸ್ಪತ್ರೆಯ ರೋಗಾಣುಗಳೇ ಮೊದಲು ಬೀಡುಬಿಡಬಹುದು. ಆ ಬಲಿಯದ ಕರುಳು ಬಾತು, ಕೆಲವೊಮ್ಮೆ ಕೊಳೆತು ತೂತಾಗುವ ಕಾಯಿಲೆಗೆ ವೈದ್ಯರು ‘ಎನ್‌ಇಸಿ’ ಅನ್ನುತ್ತಾರೆ. ಒಂದೂವರೆ ಕಿಲೋಗಿಂತ ಕಡಿಮೆ ತೂಕದವರಲ್ಲೇ ಇದು ಹೆಚ್ಚು. ತಡೆಯಲು ಹೊರಗಿನಿಂದ ಹಾಕುವ ಹೆಪ್ಪೇ ಪ್ರೊಬಯೋಟಿಕ್, ಅಂದರೆ ಔಷಧದಂತೆ ಕೊಡುವ ಜೀವಂತ ಒಳ್ಳೆಯ ಸೂಕ್ಷ್ಮಜೀವಿಗಳು.

ಹಾಗಾದರೆ ಮಜ್ಜಿಗೆ ತಿಳಿ ನೆಕ್ಕಿಸಿದರೆ ಸಾಲದೇ ಎಂದು ಶಿರಸಿ ಕಡೆಯ ಅಜ್ಜಿಯರು ಕೇಳಿಯೇ ಕೇಳುತ್ತಾರೆ. ಬೇಡವೇ ಬೇಡ. ಜೇನು, ಬಜೆಯೂ ಬೇಡ.

ಕೆಲಸ ಶುರುವಾಗುವುದು ಹೆರಿಗೆಗೂ ಮೊದಲೇ. 34 ವಾರದೊಳಗೆ ನೋವು ಕಂಡರೆ ಶಿಶು ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ದೇವಿಮನೆ ಘಟ್ಟದ ತಿರುವುಗಳನ್ನು ಮಗು ಹೊಟ್ಟೆಯೊಳಗಿದ್ದೇ ದಾಟುವುದು ಮೇಲು. ತಾಯಿಗೆ ಆಗ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಶ್ವಾಸಕೋಶಕ್ಕಷ್ಟೇ ಅಲ್ಲ, ಕರುಳಿಗೂ ಕಾವಲು.

ಇನ್ನು ಹಾಲು. ನನ್ನನ್ನು ಕೇಳಿದರೆ ಪ್ರೊಬಯೋಟಿಕ್‌ಗಿಂತ ದೊಡ್ಡ ಸಂಗತಿ ಇದು, ಮನೆಯವರ ಕೈಯಲ್ಲಿರುವುದೂ ಇದೇ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಶುರುಮಾಡಿ. ದಿನಕ್ಕೆ ಎಂಟು ಸಲವಾದರೂ ಬೇಕು, ರಾತ್ರಿಯೂ ಸೇರಿ. ಸೋಪು ಹಾಕಿ ಕೈ ತೊಳೆದು, ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲು ಹಿಡಿಯಿರಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಎದೆಗೂಡಿನತ್ತ ಒಳಕ್ಕೆ ಒತ್ತಿ, ಆಮೇಲೆ ಎರಡೂ ಬೆರಳು ಕೂಡಿಸಿ ಅದುಮಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು. ಆಕಳನ್ನು ಕರೆದಂತೆ ತೊಟ್ಟು ಎಳೆದರೆ ನೋವೇ ಹೊರತು ಹಾಲಿಲ್ಲ. ಮೊದಲ ದಿನ ಬಟ್ಟಲ ತಳ ನೆನೆಯುವಷ್ಟು ಹಳದಿ ಹಾಲು ಬಂದರೂ ಬಂತೇ. ಚೆಲ್ಲದೆ ನರ್ಸ್ ಕೈಗೆ ಕೊಡಿ. ಕಾರವಾರದ ಏಪ್ರಿಲ್ ಸೆಖೆಯಲ್ಲಿ ಅದನ್ನು ಹೊರಗಿಡುವ ಮಾತೇ ಬೇಡ, ಫ್ರಿಜ್ ಬೇಕು. ಸಾಲದಿದ್ದರೆ ದಾನಿ ತಾಯಂದಿರ ಪಾಶ್ಚರೀಕರಿಸಿದ ಹಾಲು ಸಿಗುತ್ತದೆಯೇ ವಿಚಾರಿಸಿ. ಅದಕ್ಕೆ ಹೋಲಿಸಿದರೆ ಡಬ್ಬಿ ಹಾಲಿನಲ್ಲಿ ಎನ್‌ಇಸಿ ಅಪಾಯ ಸುಮಾರು ಎರಡು ಪಟ್ಟು.

ಆಮೇಲೆ ವೈದ್ಯರ ಹತ್ತಿರ ಪ್ರೊಬಯೋಟಿಕ್ ಮಾತೆತ್ತಿ. ಎದೆಹಾಲು ಪಡೆಯುವ, 32 ವಾರ ತುಂಬದ ಕೂಸಿಗೆ ಕೊಡುವುದನ್ನು ಪರಿಗಣಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು, ಕೊಡಲೇಬೇಕು ಅಂದಿಲ್ಲ. ಹಲವು ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿದಾಗ ಎನ್‌ಇಸಿ ಅರ್ಧದ ಹತ್ತಿರಕ್ಕೆ ಇಳಿದದ್ದು ನಿಜ. ಆದರೆ ಇಂಗ್ಲೆಂಡಿನಲ್ಲಿ 1,300ಕ್ಕೂ ಹೆಚ್ಚು ಶಿಶುಗಳ ಮೇಲೆ ಬಿಫಿಡೊಬ್ಯಾಕ್ಟೀರಿಯಂ ಬ್ರೀವ್ ಎಂಬ ಬ್ಯಾಕ್ಟೀರಿಯಾದ ತಳಿಯೊಂದನ್ನು ಪರೀಕ್ಷಿಸಿದಾಗ ಲಾಭವೇ ಕಾಣಲಿಲ್ಲ. ಆ ವರದಿ 2016ರದ್ದು. ಎಲ್ಲ ಹೆಪ್ಪೂ ಒಂದೇ ಅಲ್ಲ. ಕಿಲೋ ತೂಗದ ಕೂಸುಗಳ ವಿಷಯದಲ್ಲಂತೂ ಪುರಾವೆ ತೆಳು. 2023ರಲ್ಲಿ ಅಮೆರಿಕದಲ್ಲಿ ಪ್ರೊಬಯೋಟಿಕ್ ಪಡೆದ ಅವಧಿಪೂರ್ವ ಶಿಶುವೊಂದರ ರಕ್ತಕ್ಕೆ ಅದೇ ಬ್ಯಾಕ್ಟೀರಿಯಾ ಸೇರಿ ಮಗು ತೀರಿಕೊಂಡಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿತು.

ಆದ್ದರಿಂದ ಯಾವ ತಳಿ, ಎಷ್ಟು, ಎಲ್ಲಿಯವರೆಗೆ ಎಂದು ಕೇಳಿ ತಿಳಿದುಕೊಳ್ಳಿ. ದೊಡ್ಡವರ ಭೇದಿಗೆ ಕೊಡುವ ಪೊಟ್ಟಣವನ್ನು ಮೆಡಿಕಲ್ ಶಾಪಿನಿಂದ ತಂದು ಹಾಕಬೇಡಿ. ಅವುಗಳಲ್ಲಿ ಕೆಲವು ಬ್ಯಾಕ್ಟೀರಿಯಾವೇ ಅಲ್ಲ, ಯೀಸ್ಟ್ ಎಂಬ ಶಿಲೀಂಧ್ರ. ಪೊಟ್ಟಣ ಕತ್ತರಿಸುವುದೂ ಕೂಸಿನ ಹಾಸಿಗೆಯಿಂದ ದೂರದಲ್ಲೇ ಆಗಬೇಕು. ಪುಡಿ ಹಾರಿ ರಕ್ತನಾಳದ ನಳಿಕೆಯ ಬಾಯಿಗೆ ಬಿದ್ದರೆ ಜೀವಂತ ಸೂಕ್ಷ್ಮಜೀವಿ ನೇರ ರಕ್ತಕ್ಕಿಳಿಯಬಹುದು. ಕಲಸಿ ಕೊಡುವ ಕೆಲಸ ನರ್ಸ್‌ಗೇ ಇರಲಿ.

ಹೊಟ್ಟೆ ಉಬ್ಬಿ ಬಿಗಿದು ಮಿರುಗುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಉಸಿರು ನಿಂತು ನಿಂತು ಬರುವುದು: ವಾರ್ಡಿನಲ್ಲಿ ಕಂಡರೆ ಆ ಕ್ಷಣವೇ ಕೂಗಿ ಹೇಳಿ, ಮನೆಗೆ ಬಂದ ಮೇಲೆ ಕಂಡರೆ 108ಕ್ಕೆ ಫೋನ್ ಮಾಡಿ. ಗ್ಯಾಸ್ ಇರಬೇಕು ಎಂದು ಹೊಕ್ಕುಳ ಸುತ್ತ ಇಂಗು ಹಚ್ಚುತ್ತ ಕೂರುವ ಹೊತ್ತಲ್ಲ ಅದು.